ಡಬಲ್ ಎಡ್ಜ್ ಬ್ಲೇಡು ಹೊಸದಾಗಿ ಹಿಡಿದವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಟ್ರಿಜ್ (ಹಲವು ಅಲಗು ಕೂರಿಸಿದ ತಲೆಯನ್ನೇ ಬದಲಿಸುವ ರೇಜರು) ಬಿಟ್ಟು, ಎರಡೂ ಅಂಚು ಹರಿತವಿರುವ ಡಬಲ್ ಎಡ್ಜ್ ಬ್ಲೇಡು ಹಾಕುವ ಸೇಫ್ಟಿ ರೇಜರಿಗೆ ಬಂದವರು ಮೊದಲ ತಿಂಗಳಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಅಕ್ಕನ ಮಗ ಕೇಳಿದ್ದು, ಆಫೀಸಿನ ಗೆಳೆಯರು ಕೇಳಿದ್ದು, ನಾನೇ ಶುರುಮಾಡಿದಾಗ ಯಾರನ್ನು ಕೇಳುವುದೆಂದು ತಿಳಿಯದೆ ಒದ್ದಾಡಿದ್ದು, ಎಲ್ಲವನ್ನೂ ಒಂದೆಡೆ ಬರೆದಿದ್ದೇನೆ.

ಸುತ್ತಿ ಬಳಸಿ ಬೇಡ. ಯಾವ ಬ್ಲೇಡು ಒಳ್ಳೆಯದು, ಒಂದು ಹೆಸರು ಹೇಳಿಬಿಡಿ.

ನಿಮ್ಮ ಕೆನ್ನೆ ನೋಡದೆ ಹೇಳಲಾರೆ. ನೋಡಿದರೂ ಖಾತ್ರಿಯಾಗಿ ಹೇಳಲಾರೆ. ನಮ್ಮ ಮನೆಯದೇ ಉದಾಹರಣೆ ಕೊಡುತ್ತೇನೆ. ಅಪ್ಪ ವರ್ಷಗಟ್ಟಲೆ ಒಂದೇ ಜಾತಿಯ ಬ್ಲೇಡು ಬಳಸಿದವರು. ಅದೇ ರೇಜರು, ಅದೇ ಸೋಪು, ಅದೇ ಬಚ್ಚಲುಮನೆಯ ನೀರು. ಅವರ ಬ್ಲೇಡನ್ನು ನಾನು ಹಾಕಿಕೊಂಡರೆ ಕತ್ತು ಸಂಜೆಯವರೆಗೂ ಉರಿಯುತ್ತಿತ್ತು. ಅವರ ಗಡ್ಡ ನವಿರು, ನನ್ನದು ತೆಂಗಿನ ನಾರಿನಷ್ಟು ಒರಟು. ಅವರಿಗೆ ಸರಾಗವಾಗಿ ಹರಿಯುತ್ತಿದ್ದ ಅಲಗು ನನ್ನ ಕೂದಲಿಗೆ ಸಿಕ್ಕಿ ಎಳೆಯುತ್ತಿತ್ತು.

ಕೂದಲಿನ ದಪ್ಪ, ಚರ್ಮದ ಸೂಕ್ಷ್ಮ, ರೇಜರಿನ ತಲೆಯಲ್ಲಿ ಅಲಗು ಎಷ್ಟು ಹೊರಗೆ ಇಣುಕುತ್ತದೆ, ನೀವು ಹಿಡಿಯುವ ಕೋನ, ನೀರು, ನೊರೆ ಇವೆಲ್ಲ ಸೇರಿ ಬ್ಲೇಡಿನ ಗುಣ ನಿರ್ಧಾರವಾಗುತ್ತದೆ. ಆದ್ದರಿಂದ ಒಬ್ಬರು ಹೊಗಳಿದ್ದನ್ನು ಇನ್ನೊಬ್ಬರು ಮೂಲೆಗೆ ಎಸೆಯುವುದು ಮಾಮೂಲು. ಹಾಕಿ ನೋಡದೆ ಬೇರೆ ದಾರಿ ಇಲ್ಲ. ಬ್ಲೇಡು ಒಂದಕ್ಕೆ ಕೆಲವೇ ರೂಪಾಯಿಯಾದ್ದರಿಂದ ಹಾಕಿ ನೋಡುವುದು ದುಬಾರಿಯೂ ಅಲ್ಲ.

ನೋಡಲು ಎಲ್ಲವೂ ಒಂದೇ ಥರ ಇವೆಯಲ್ಲ, ನಿಜವಾಗಿಯೂ ವ್ಯತ್ಯಾಸ ಇದೆಯೇ?

ಇದೆ, ಆದರೆ ಕಣ್ಣಿಗೆ ಕಾಣುವಂಥದ್ದಲ್ಲ. ಅಳತೆಯಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ: ಉದ್ದ ಸುಮಾರು 43 ಮಿಲಿಮೀಟರ್, ಅಗಲ 22 ಮಿಲಿಮೀಟರ್, ದಪ್ಪ 0.1 ಮಿಲಿಮೀಟರ್. ಉಕ್ಕು ಸಹ ಸಾಮಾನ್ಯವಾಗಿ ಸುಮಾರು ಶೇಕಡಾ 13ರಷ್ಟು ಕ್ರೋಮಿಯಂ ಇರುವ ಸ್ಟೇನ್‌ಲೆಸ್ ಸ್ಟೀಲು. ಬೇರೆಯಾಗುವುದು ಮೂರು ಕಡೆ. ಉಕ್ಕನ್ನು ಕಾಯಿಸಿ ತಣಿಸಿ ಹದ ಕೊಡುವ ರೀತಿ ಮೊದಲನೆಯದು. ಅಂಚನ್ನು ಯಾವ ಕೋನದಲ್ಲಿ, ಎಷ್ಟು ಹಂತಗಳಲ್ಲಿ ಮಸೆಯುತ್ತಾರೆ ಎಂಬುದು ಎರಡನೆಯದು. ಆ ಅಂಚಿನ ಮೇಲೆ ಕೂರಿಸುವ ಅತಿ ತೆಳುವಾದ ಲೇಪನ ಮೂರನೆಯದು.

ಹೊಸಬರು ಹರಿತ ಮತ್ತು ನುಣುಪು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಹರಿತ ಅಂದರೆ ಕೂದಲು ಎಳೆಯದೆ ಕತ್ತರಿಸುವುದು. ನುಣುಪು ಅಂದರೆ ಅಲಗು ಚರ್ಮದ ಮೇಲೆ ಕೆರೆಯದೆ ಜಾರುವುದು. ತುಂಬ ಹರಿತವಿದ್ದೂ ಒರಟಾಗಿರುವ ಬ್ಲೇಡುಗಳಿವೆ. ಅಷ್ಟೇನೂ ಹರಿತವಿಲ್ಲದೆ ಬೆಣ್ಣೆಯಂತೆ ಜಾರುವವೂ ಇವೆ. ನಿಮಗೆ ಇವೆರಡರ ಯಾವ ಹದ ಬೇಕು ಎಂಬುದನ್ನು ಕಂಡುಕೊಳ್ಳುವುದೇ ಈ ಹುಡುಕಾಟ.

ಪ್ಯಾಕೆಟ್ಟಿನ ಮೇಲೆ 'ಪ್ಲಾಟಿನಂ' ಎಂದಿರುತ್ತದಲ್ಲ?

ಬ್ಲೇಡು ಪ್ಲಾಟಿನಂನದ್ದಲ್ಲ, ಸ್ಟೀಲಿನದ್ದೇ. ಅಂಚಿನ ಲೇಪನದಲ್ಲಿ ಆ ಲೋಹದ ಅಂಶ ಇರುತ್ತದೆ ಎಂದಷ್ಟೇ ಅರ್ಥ. ಹೆಚ್ಚಿನ ಬ್ಲೇಡುಗಳಿಗೆ ಇದರ ಮೇಲೆ ದೋಸೆ ತವಾಗೆ ಹಾಕುವ ಟೆಫ್ಲಾನಿನಂಥ ಲೇಪನವೂ ಇರುತ್ತದೆ. ಮೊದಲ ಶೇವ್‌ಗಿಂತ ಎರಡನೆಯದು ಹಿತವಾಗಿತ್ತು ಎಂದು ಅನೇಕರು ಹೇಳುತ್ತಾರೆ, ನನಗೂ ಹಾಗೇ ಅನ್ನಿಸಿದೆ. ಪದವನ್ನು ನೋಡಿ ಕೊಳ್ಳಬೇಡಿ, ಬಿಡಲೂಬೇಡಿ.

ನನ್ನದು ತಾತನ ಕಾಲದ ರೇಜರು. ಈಗಿನ ಬ್ಲೇಡು ಅದಕ್ಕೆ ಕೂರುತ್ತದೆಯೇ?

ಬಹುಪಾಲು ಕೂರುತ್ತದೆ. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಈ ರೇಜರಿಗೆ ಪೇಟೆಂಟ್ ಪಡೆದದ್ದು 1904ರ ನವೆಂಬರಿನಲ್ಲಿ. ಮಾರಾಟ ಶುರುವಾದ 1903ರಲ್ಲಿ ಹೋದದ್ದು 51 ರೇಜರು, 168 ಬ್ಲೇಡು ಮಾತ್ರ. ಮೊದಲು ಬ್ಲೇಡಿನ ನಡುವೆ ಮೂರು ದುಂಡು ತೂತುಗಳಿದ್ದವು. 1930ರ ಸುಮಾರಿಗೆ ನಡುವೆ ಉದ್ದ ಸೀಳಿರುವ ಈಗಿನ ಆಕಾರ ಬಂತು. ಅಲ್ಲಿಂದಾಚೆಗೆ ಯಾವ ದೇಶದ ಬ್ಲೇಡಾದರೂ ಯಾವ ಡಬಲ್ ಎಡ್ಜ್ ರೇಜರಿಗಾದರೂ ಹೊಂದುತ್ತದೆ ಎನ್ನಬಹುದು. ಕಾರ್ಟ್ರಿಜ್ ಹಾಗಲ್ಲ, ಕಂಪನಿ ಬದಲಾದರೆ ಹಿಡಿಯೂ ಬದಲಾಗಬೇಕು. ನಾನು ಈ ರೇಜರನ್ನು ಇಷ್ಟಪಡಲು ಈ ಸ್ವಾತಂತ್ರ್ಯವೇ ಮುಖ್ಯ ಕಾರಣ.

ತಾತನ ರೇಜರಿನ ತಲೆ ಬಗ್ಗಿದೆಯೇ, ಸ್ಕ್ರೂ ಸವೆದಿದೆಯೇ ಎಂದು ಮಾತ್ರ ನೋಡಿ. ಬ್ಲೇಡು ಹಾಕಿ ಬಿಗಿ ಮಾಡಿದಾಗ ಎರಡೂ ಕಡೆ ಅಂಚು ಒಂದೇ ಸಮ ಕಾಣಬೇಕು. ಒಂದು ಕಡೆ ಹೆಚ್ಚು ಇಣುಕಿದರೆ ಎಂಥ ಒಳ್ಳೆಯ ಬ್ಲೇಡೂ ಕೊಯ್ಯುತ್ತದೆ.

ಶುರುವಿಗೆ ಯಾವ್ಯಾವುದನ್ನು ತರಲಿ?

ನಾಲ್ಕೈದು ಜಾತಿ ಸಾಕು, ತಲಾ ಒಂದು ಪ್ಯಾಕೆಟ್. ಪ್ಯಾಕೆಟ್ಟಿಗೆ ಐದು ಬ್ಲೇಡು. ಇಪ್ಪತ್ತು ಬ್ರಾಂಡು ಸೇರಿಸಿದ 'ಸ್ಯಾಂಪಲ್ ಪ್ಯಾಕ್' ಆನ್‌ಲೈನಿನಲ್ಲಿ ಆಸೆ ಹುಟ್ಟಿಸುತ್ತದೆ. ಹೊಸಬರಿಗೆ ಅದು ಬೇಡ ಅನ್ನುತ್ತೇನೆ. ಇಪ್ಪತ್ತನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಹೇಗಿತ್ತೆಂದೇ ಮರೆತಿರುತ್ತದೆ.

ನಮ್ಮೂರಿನ ದಿನಸಿ ಅಂಗಡಿ, ಫ್ಯಾನ್ಸಿ ಸ್ಟೋರು, ಮೆಡಿಕಲ್ ಸ್ಟೋರಿನಲ್ಲಿ ಸುಲಭವಾಗಿ ಸಿಗುವ ಸೆವೆನ್ ಓ ಕ್ಲಾಕ್, ವಿಲ್ಕಿನ್ಸನ್ ಸ್ವೋರ್ಡ್, ಟೋಪಾಜ್‌ಗಳಿಂದ ಆರಂಭಿಸಿ. ಹೊರಗಿನವುಗಳಲ್ಲಿ ಆಸ್ಟ್ರಾ, ಟರ್ಕಿಯ ಡರ್ಬಿ, ಈಜಿಪ್ಟಿನ ಶಾರ್ಕ್, ಜಪಾನಿನ ಫೆದರ್ ಪ್ರಸಿದ್ಧ. ಡರ್ಬಿಯನ್ನು ಮೃದು ಎಂದೂ ಫೆದರನ್ನು ಅತಿ ಹರಿತ ಎಂದೂ ಬಳಸುವವರು ಸಾಮಾನ್ಯವಾಗಿ ಹೇಳುತ್ತಾರೆ. ಆಸ್ಟ್ರಾದ ಹಸಿರು ಪ್ಯಾಕೆಟ್ ನಡುವೆ ಎಲ್ಲೋ ಬರುತ್ತದೆ.

ಒಂದು ಎಚ್ಚರಿಕೆ: ಹೆಸರು ಒಂದೇ ಆದಮಾತ್ರಕ್ಕೆ ಬ್ಲೇಡು ಒಂದೇ ಅಲ್ಲ. ಸೆವೆನ್ ಓ ಕ್ಲಾಕ್‌ನಲ್ಲೇ ಕಪ್ಪು, ಹಸಿರು, ಹಳದಿ ಎಂದು ಬೇರೆ ಬೇರೆ ಬ್ಲೇಡುಗಳಿವೆ. ಇಲ್ಲಿ ವಿಲ್ಕಿನ್ಸನ್ ಸ್ವೋರ್ಡ್ ಬರುವುದು ಜಿಲೆಟ್ ಹೆಸರಿನಡಿ. ಯುರೋಪಿನಲ್ಲಿ ಅದೇ ಹೆಸರು ಬೇರೊಂದು ಕಂಪನಿಯದು, ಬ್ಲೇಡೂ ಬೇರೆ. ಜರ್ಮನಿಯಲ್ಲೋ ಇಂಗ್ಲೆಂಡಿನಲ್ಲೋ ಇರುವ ತಮ್ಮ "ಅದೇ ಬ್ಲೇಡು ಕೊಂಡೆ, ಆದರೆ ಹಾಗಿಲ್ಲ" ಎಂದರೆ ಅವನ ಮಾತು ನಿಜವೇ. ಹಿಡಿಸಿದ ಪ್ಯಾಕೆಟ್ಟಿನ ಫೋಟೊ ತೆಗೆದಿಟ್ಟುಕೊಳ್ಳಿ, ಅಂಗಡಿಯಲ್ಲಿ ತೋರಿಸಿ ಕೇಳಬಹುದು.

ಪರೀಕ್ಷೆ ಮಾಡುವ ಕ್ರಮ ಹೇಳಿ.

ಎಲ್ಲರೂ ಅವಸರ ಮಾಡುವುದು ಇಲ್ಲೇ. ಬ್ಲೇಡೊಂದನ್ನು ಬಿಟ್ಟು ಬೇರೆ ಏನನ್ನೂ ಬದಲಿಸಬೇಡಿ. ಒಂದೇ ರೇಜರು, ಒಂದೇ ಸೋಪು ಅಥವಾ ಕ್ರೀಮು, ಅದೇ ಬ್ರಶ್ಶು, ಸಾಧ್ಯವಾದಷ್ಟೂ ಅದೇ ಹೊತ್ತು. ಗಡ್ಡದ ಬೆಳವಣಿಗೆಯೂ ಒಂದೇ ಇರಲಿ. ಒಂದು ಬ್ಲೇಡನ್ನು ಒಂದು ದಿನದ ಗಡ್ಡಕ್ಕೂ ಇನ್ನೊಂದನ್ನು ನಾಲ್ಕು ದಿನದ ಗಡ್ಡಕ್ಕೂ ಹಾಕಿ ತೂಗಿದರೆ ಎರಡನೆಯದಕ್ಕೆ ಅನ್ಯಾಯವಾಗುತ್ತದೆ.

ಅದಕ್ಕೂ ಮೊದಲು ಮೂರು ನಾಲ್ಕು ವಾರ ಪರೀಕ್ಷೆಯ ಗೋಜಿಗೇ ಹೋಗದೆ ಸುಲಭವಾಗಿ ಸಿಗುವ ಒಂದೇ ಜಾತಿಯ ಬ್ಲೇಡಿನಲ್ಲಿ ಕೈ ಪಳಗಿಸಿ. ಕೈಯೇ ಇನ್ನೂ ನೆಲೆ ನಿಲ್ಲದಿರುವಾಗ ಬ್ಲೇಡು ಬದಲಿಸಿದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ. ನಾನು ಮೊದಲ ಎರಡು ವಾರದಲ್ಲಿ ಆರು ಜಾತಿ ಬದಲಿಸಿದೆ, ಜೊತೆಗೆ ಕ್ರೀಮನ್ನೂ ಬದಲಿಸಿದೆ. ಕೊನೆಗೆ ಬೇಡವೆಂದು ತೆಗೆದಿಟ್ಟ ಬ್ಲೇಡೊಂದನ್ನು ವರ್ಷದ ನಂತರ ಹಾಕಿ ನೋಡಿದರೆ ಬಹಳ ಚೆನ್ನಾಗಿತ್ತು. ಈಗ ಅದೇ ನನ್ನ ದಿನದ ಬ್ಲೇಡು. ಬದಲಾಗಿದ್ದು ನನ್ನ ಕೈ.

ಕೈ ಪಳಗಿದ ಮೇಲೆ ಒಂದೊಂದು ಜಾತಿಗೆ ಕನಿಷ್ಠ ಎರಡು ಬ್ಲೇಡು, ಒಂದೊಂದು ಬ್ಲೇಡಿಗೆ ಮೂರು ಶೇವ್ ಕೊಡಿ. ಅಪರೂಪಕ್ಕೆ ಪ್ಯಾಕೆಟ್ಟಿನಲ್ಲಿ ಒಂದು ಬ್ಲೇಡು ಕೆಟ್ಟದ್ದಿರಬಹುದು. ಅದೊಂದನ್ನು ನೋಡಿ ಇಡೀ ಜಾತಿಯನ್ನು ತಳ್ಳಿಹಾಕಬೇಡಿ. ಆದರೆ ಮೊದಲ ಎಳೆತಕ್ಕೇ ಕೂದಲು ಕಿತ್ತು ಬರುವಷ್ಟು ನೋವಾದರೆ ಪರೀಕ್ಷೆ ಎಂದು ಸಹಿಸಿಕೊಳ್ಳುವುದೂ ಬೇಡ. ಅಲ್ಲಿಗೇ ನಿಲ್ಲಿಸಿ ಬೇರೆ ಬ್ಲೇಡು ಹಾಕಿ.

ಬರೆದಿಡಬೇಕೇ? ನೆನಪಿರುವುದಿಲ್ಲವೇ?

ಬರೆದಿಡಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಾದರೂ ಸಾಕು. ಬ್ಲೇಡಿನ ಹೆಸರು, ಎಷ್ಟನೇ ಶೇವ್, ಎಳೆಯಿತೇ, ಎಲ್ಲಾದರೂ ರಕ್ತ ಬಂತೇ, ಪಟಿಕ ಸವರಿದಾಗ ಎಷ್ಟು ಉರಿಯಿತು, ಸಂಜೆ ಕತ್ತು ಹೇಗಿತ್ತು. ಪಟಿಕದ ಉರಿ ಒಳ್ಳೆಯ ಸಾಕ್ಷಿ. ಕನ್ನಡಿಯಲ್ಲಿ ಏನೂ ಕಾಣದಿದ್ದರೂ ಚರ್ಮ ಎಲ್ಲಿ ತರಚಿದೆ ಎಂದು ಅದು ಕೂಡಲೇ ಹೇಳುತ್ತದೆ. ಸಂಜೆಯ ಮಾತು ಯಾಕೆಂದರೆ, ಬೆಳಿಗ್ಗೆ ನುಣ್ಣಗಿದ್ದ ಕತ್ತು ಮಧ್ಯಾಹ್ನದ ಬೆವರಿಗೆ ಕೆಂಪಗೆ ಏಳುವುದುಂಟು.

ಸೀದಾ ಫೆದರ್‌ನಿಂದಲೇ ಶುರುಮಾಡಲೇ? ಅದೇ ಎಲ್ಲಕ್ಕಿಂತ ಹರಿತವಂತೆ.

ಬೇಡ. ಒತ್ತುವ ಅಭ್ಯಾಸ ಇನ್ನೂ ಬಿಡದ ಕೈಗೆ ಅದು ತಪ್ಪನ್ನು ಮನ್ನಿಸುವುದಿಲ್ಲ. ಎರಡು ತಿಂಗಳಾದ ಮೇಲೆ, ಮೃದುವಾದ ರೇಜರಿನಲ್ಲಿ, ಅಂದರೆ ಅಲಗು ಕಡಿಮೆ ಇಣುಕುವಂಥದ್ದರಲ್ಲಿ, ಹಾಕಿ ನೋಡಿ. ಒರಟು ಗಡ್ಡದವರಿಗೆ ಅದು ವರವೇ ಆಗಬಹುದು. ಜರ್ಮನಿಯ ಮ್ಯೂಲೆ ಕಂಪನಿಯ ಆರ್89 ಮೃದು ತಲೆಯದು, ಆರ್41 ಬಹಳ ಉಗ್ರ. ಅದೇ ಫೆದರ್ ಈ ಎರಡರಲ್ಲಿ ಎರಡು ಬೇರೆ ಬ್ಲೇಡಿನಂತೆ ವರ್ತಿಸುತ್ತದೆ.

ಗೀರು ಬೀಳುತ್ತಿದೆ, ಉರಿಯುತ್ತಿದೆ. ತಪ್ಪು ಬ್ಲೇಡಿನದೋ ನನ್ನದೋ?

ಮೊದಲ ತಿಂಗಳಾದರೆ ಹತ್ತಕ್ಕೆ ಎಂಟು ಸಲ ಕೈಯದು. ಇದನ್ನು ದೂರಿಗಾಗಿ ಹೇಳುತ್ತಿಲ್ಲ. ಕಾರ್ಟ್ರಿಜ್ ನಮಗೆ ಒತ್ತಲು ಕಲಿಸಿರುತ್ತದೆ. ಅದರ ತಲೆ ತಾನೇ ವಾಲಿ ಕೆನ್ನೆಗೆ ಹೊಂದಿಕೊಳ್ಳುತ್ತದೆ. ಇಲ್ಲಿ ವಾಲಬೇಕಾದ್ದು ನಿಮ್ಮ ಮಣಿಕಟ್ಟು. ರೇಜರಿನ ತೂಕವೇ ಕೆಲಸ ಮಾಡಲಿ. ಹಿಡಿಯ ತುದಿಯನ್ನು ಮೂರು ಬೆರಳಲ್ಲಿ ಹಗುರಾಗಿ ಹಿಡಿದರೆ ಒತ್ತಬೇಕೆಂದರೂ ಒತ್ತಲು ಆಗುವುದಿಲ್ಲ.

ಕೋನ ಹಿಡಿಯಲು ಹೀಗೆ ಮಾಡಿ: ರೇಜರಿನ ನೆತ್ತಿಯನ್ನು ಕೆನ್ನೆಗೆ ಚಪ್ಪಟೆಯಾಗಿ ತಾಗಿಸಿ, ಹಿಡಿಯನ್ನು ನಿಧಾನಕ್ಕೆ ಕೆಳಗಿಳಿಸುತ್ತಾ ಬನ್ನಿ. ಅಲಗು ಆಗತಾನೇ ಕೂದಲಿಗೆ ತಾಕುವ ಜಾಗದಲ್ಲಿ ನಿಲ್ಲಿಸಿ. ಅಲಗು ಚರ್ಮಕ್ಕೆ ಸುಮಾರು 30 ಡಿಗ್ರಿಯಲ್ಲಿರುತ್ತದೆ. ಗಿಡ್ಡ ಗಿಡ್ಡ ಎಳೆತ, ಒಂದೊಂದು ಅಂಗುಲ. ಕಿವಿಗೊಟ್ಟು ಕೇಳಿ: ಸರಿಯಾದ ಕೋನದಲ್ಲಿ ಕೂದಲು ಕತ್ತರಿಸುವ ಚರಚರ ಸದ್ದು ಸ್ಪಷ್ಟವಾಗಿ ಬರುತ್ತದೆ.

ಹಾಗಾದರೆ ಬ್ಲೇಡಿನ ತಪ್ಪು ಗೊತ್ತಾಗುವುದು ಹೇಗೆ? ಗಾಯ ಪ್ರತಿಸಲ ಒಂದೇ ಜಾಗದಲ್ಲಿ, ಗದ್ದದ ತಿರುವಿನಲ್ಲೋ ಗಂಟಲಮಣಿಯ ಮೇಲೋ ಆಗುತ್ತಿದ್ದರೆ ಅದು ಕೈಯ ತಪ್ಪು. ಚರ್ಮ ಬಿಗಿಯಾಗಿ ಎಳೆದು ಹಿಡಿದಿಲ್ಲ ಅಥವಾ ಕೋನ ತಪ್ಪಿದೆ. ಚಪ್ಪಟೆಯಾದ ಕೆನ್ನೆಯ ಮೇಲೂ ಎಳೆತ, ಇಡೀ ಮುಖಕ್ಕೆ ಒಂದೇ ರೀತಿಯ ಉರಿ, ಬೇರೆ ಬ್ಲೇಡು ಹಾಕಿದ ದಿನ ಅದು ಮಾಯ, ಹೀಗಿದ್ದರೆ ಆ ಬ್ಲೇಡು ನಿಮಗೆ ಒಗ್ಗುವುದಿಲ್ಲ.

ಇನ್ನೊಂದು ಕಾರಣವಿದೆ, ಅದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ: ಒಣ ಗಡ್ಡ. ನೀರು ಕುಡಿದ ಕೂದಲು ಮೆತ್ತಗಾಗಿ ಸುಲಭವಾಗಿ ಕತ್ತರಿಸಿ ಬರುತ್ತದೆ. ಸ್ನಾನ ಮುಗಿಸಿ ಶೇವ್ ಮಾಡಿ, ಅಥವಾ ಬಿಸಿನೀರಿನ ಟವೆಲನ್ನು ಎರಡು ಮೂರು ನಿಮಿಷ ಮುಖಕ್ಕೆ ಒತ್ತಿಕೊಳ್ಳಿ. ನೊರೆಯನ್ನು ಅವಸರದಲ್ಲಿ ಬಳಿಯದೆ ಬ್ರಶ್ಶಿನಲ್ಲಿ ಚೆನ್ನಾಗಿ ತಿಕ್ಕಿ ಎಬ್ಬಿಸಿ. ಎಷ್ಟೋ ಜನರ 'ಕೆಟ್ಟ ಬ್ಲೇಡು' ಇಷ್ಟಕ್ಕೇ ಒಳ್ಳೆಯದಾಗುವುದನ್ನು ನೋಡಿದ್ದೇನೆ.

ಸಲೂನಿನಲ್ಲಿ ಉಲ್ಟಾ ಹೊಡೆಯುತ್ತಾರಲ್ಲ, ನಾನೂ ಹಾಗೇ ಮಾಡಲೇ?

ಪರೀಕ್ಷೆಯ ಅವಧಿಯಲ್ಲಿ ಬೇಡ. ಅಂಗೈಯಿಂದ ಮುಖ ಸವರಿ ಕೂದಲು ಯಾವ ಕಡೆ ಮಲಗುತ್ತದೆ ಎಂದು ಮೊದಲು ತಿಳಿಯಿರಿ. ಕತ್ತಿನಲ್ಲಿ ಅದು ಕೆಲವರಿಗೆ ಅಡ್ಡಡ್ಡ, ಕೆಲವರಿಗೆ ಮೇಲ್ಮುಖ, ಕೆಲವರಿಗೆ ಸುಳಿ. ಮೊದಲ ಸುತ್ತು ಕೂದಲಿನ ದಿಕ್ಕಿನಲ್ಲೇ, ಮತ್ತೆ ನೊರೆ ಹಚ್ಚಿ ಎರಡನೇ ಸುತ್ತು ಅಡ್ಡಕ್ಕೆ. ಅಷ್ಟಕ್ಕೆ ಮುಗಿಸಿ. ಗುಂಗುರು ಗಡ್ಡದವರು ಎದುರು ದಿಕ್ಕಿನಲ್ಲಿ ತೀರಾ ನುಣ್ಣಗೆ ಕತ್ತರಿಸಿದರೆ ಕೂದಲ ತುದಿ ಚರ್ಮದೊಳಗೇ ಬಾಗಿ ಬೆಳೆದು ಗುಳ್ಳೆಯಾಗುತ್ತದೆ.

ಒಂದು ಬ್ಲೇಡು ಎಷ್ಟು ಸಲ ಬರುತ್ತದೆ?

ಮೂರರಿಂದ ಐದು ಸಲ ಎಂದಿಟ್ಟುಕೊಳ್ಳಿ. ನವಿರು ಗಡ್ಡದವರಿಗೆ ಇನ್ನೂ ಒಂದೆರಡು ಸಲ ಬರಬಹುದು. ಎಳೆಯತೊಡಗಿದರೆ ಎಷ್ಟನೆಯದೆಂದು ಎಣಿಸದೆ ತೆಗೆದುಬಿಡಿ.

ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿಯಾದ ಉಕ್ಕು ಕೂದಲಿಗೆ ಸೋಲುವುದು ಹೇಗೆ ಎಂದು ಅಮೆರಿಕದ ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯವರು 2020ರಲ್ಲಿ ತೋರಿಸಿದರು. ಅಲಗು ಸಮನಾಗಿ ಸವೆದು ಮೊಂಡಾಗುವುದಷ್ಟೇ ಅಲ್ಲ. ಕೂದಲು ಬಾಗಿ ಅಲಗಿಗೆ ಓರೆಯಾಗಿ ಸಿಕ್ಕಾಗ ಉಕ್ಕಿನ ಒಳರಚನೆ ಸಮನಾಗಿಲ್ಲದ ಕಡೆ ಅಂಚಿನಿಂದ ಸೂಕ್ಷ್ಮ ಚೂರುಗಳು ಹಾರುತ್ತವೆ. ಆ ಕಚ್ಚುಗಳೇ ನಮಗೆ ಎಳೆತವಾಗಿ ತಿಳಿಯುವುದು. ಬರಿಗಣ್ಣಿಗೆ ಬ್ಲೇಡು ಹೊಸದರಂತೆಯೇ ಹೊಳೆಯುತ್ತಿರುತ್ತದೆ, ಆದ್ದರಿಂದ ನೋಡಿ ತೀರ್ಮಾನಿಸುವ ಹಾಗಿಲ್ಲ.

ಬಳಸಿದ ಮೇಲೆ ನೀರಿನಲ್ಲಿ ಜಾಲಿಸಿ, ಕೊಡವಿ, ಗಾಳಿಯಾಡುವ ಕಡೆ ನಿಲ್ಲಿಸಿಡಿ. ಅಂಚನ್ನು ಟವೆಲಿನಿಂದ ಒರೆಸಬೇಡಿ, ಲೇಪನವೂ ಹೋಗುತ್ತದೆ, ಬೆರಳೂ ಕೊಯ್ಯುತ್ತದೆ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಒದ್ದೆ ಬಚ್ಚಲಿನಲ್ಲಿ ಬಿಡದಿರುವುದು ಲೇಸು. ಸ್ಟೇನ್‌ಲೆಸ್ ಎಂದರೂ ತುಕ್ಕು ಬರುವುದೇ ಇಲ್ಲ ಎಂದಲ್ಲ.

ಊರಿನಲ್ಲಿ ಚೆನ್ನಾಗಿದ್ದ ಬ್ಲೇಡು ಬೆಂಗಳೂರಿನಲ್ಲಿ ಕೆರೆಯುತ್ತಿದೆ. ನಕಲಿ ಮಾಲೇ?

ಮೊದಲು ನೀರನ್ನು ನೋಡಿ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ನೊರೆಯ ಬದಲು ಗಸಿಯಾಗುತ್ತದೆ. ನೊರೆ ನಿಲ್ಲದೆ ಮುಖದ ಮೇಲೇ ಒಣಗುತ್ತದೆ, ಅಲಗು ಬರಿಯ ಚರ್ಮದ ಮೇಲೆ ಓಡುತ್ತದೆ. ಒಂದು ಲೋಟ ಫಿಲ್ಟರ್ ನೀರನ್ನು ಬೆಚ್ಚಗೆ ಮಾಡಿ ಅದರಲ್ಲೇ ನೊರೆ ಎಬ್ಬಿಸಿ ನೋಡಿ. ಅದೇ ಬ್ಲೇಡು ಮತ್ತೆ ಹಿತವಾದರೆ ದೋಷ ನೀರಿನದು. ನನ್ನ ಬಾಡಿಗೆ ಮನೆಯಲ್ಲಿ ಆಗಿದ್ದು ಇದೇ.

ನಕಲಿ ಮಾಲೂ ಇಲ್ಲವೆಂದಲ್ಲ. ಮುದ್ರಣ ಮಸುಕಾಗಿದ್ದರೆ, ಒಳಗಿನ ಕಾಗದ ಸರಿಯಾಗಿ ಮಡಿಸಿರದಿದ್ದರೆ, ಬೆಲೆ ಎಲ್ಲೂ ಇಲ್ಲದಷ್ಟು ಕಡಿಮೆಯಿದ್ದರೆ ಬಿಟ್ಟುಬಿಡಿ.

ಬ್ಲೇಡು ಹಾಕುವಾಗ ಬೆರಳು ಕೊಯ್ದುಕೊಂಡೆ.

ಹರಿತವಿಲ್ಲದ ಎರಡು ಗಿಡ್ಡ ತುದಿಗಳನ್ನೇ ಹಿಡಿಯಿರಿ. ರೇಜರು ಬಿಚ್ಚುವ ಮೊದಲು ಕೈ ಒರೆಸಿಕೊಳ್ಳಿ. ಕೈಜಾರಿದ ಬ್ಲೇಡನ್ನು ಹಿಡಿಯಲು ಹೋಗದೆ ಬೀಳಲು ಬಿಡಿ. ಬ್ಲೇಡಿನ ಮೇಲೆ ಮೇಣದಂಥ ಚುಕ್ಕಿ ಕಂಡರೆ ಗಾಬರಿ ಬೇಡ, ಕಾಗದದೊಳಗೆ ಅಲುಗಾಡದಿರಲಿ ಎಂದು ಹಾಕಿದ್ದು ಅದು.

ತಮ್ಮನೂ ನಾನೂ ಒಂದೇ ಬ್ಲೇಡು ಬಳಸಬಹುದೇ?

ಖಂಡಿತ ಬೇಡ. ತೊಳೆದರೂ ಬೇಡ. ಕಣ್ಣಿಗೆ ಕಾಣದ ಗೀರಿನಿಂದಲೂ ರಕ್ತ ಅಂಟುತ್ತದೆ, ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ ಏಳು ದಿನ ಜೀವ ಹಿಡಿದಿರಬಲ್ಲದು. ರೇಜರೂ ಬ್ಲೇಡೂ ಅವರವರದೇ ಇರಲಿ. ಸಲೂನಿಗೆ ಹೋದಾಗಲೂ "ಅಣ್ಣಾ, ಹೊಸ ಬ್ಲೇಡು ಹಾಕಿ" ಎಂದು ಕೇಳಲು ಸಂಕೋಚ ಬೇಡ. ಒಳ್ಳೆಯ ಕೆಲಸಗಾರರು ನಿಮ್ಮ ಕಣ್ಣೆದುರೇ ಕಾಗದ ಬಿಚ್ಚಿ, ಬ್ಲೇಡನ್ನು ಎರಡಾಗಿ ಮುರಿದು ಕತ್ತಿಗೆ ಹಾಕುತ್ತಾರೆ.

ಮೊಡವೆ ಇದೆ, ಅಥವಾ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತೇನೆ.

ಕೀವಾದ ಮೊಡವೆಯ ಮೇಲೆ ಅಲಗು ಓಡಿಸಬೇಡಿ. ಮಾತ್ರೆ ತೆಗೆದುಕೊಳ್ಳುವವರು, ಗಾಯ ಬೇಗ ಮಾಯದ ಸಕ್ಕರೆ ಕಾಯಿಲೆಯವರು, ಗಾಯದ ಜಾಗದಲ್ಲಿ ಚರ್ಮ ಉಬ್ಬಿ ಬೆಳೆಯುವವರು ವೈದ್ಯರನ್ನು ಕೇಳಿಯೇ ಶುರುಮಾಡಿ. ಟ್ರಿಮ್ಮರ್ ಬಳಸಿದರೆ ನಷ್ಟವೇನೂ ಇಲ್ಲ.

ಪದೇ ಪದೇ ಶೇವ್ ಮಾಡಿದರೆ ಗಡ್ಡ ದಪ್ಪ ಬರುತ್ತದೆಯೇ?

ಇಲ್ಲ. 1928ರಲ್ಲೇ ಇದನ್ನು ಅಳೆದು ನೋಡಿದ್ದಾರೆ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಒರಟೆನಿಸುತ್ತದೆ ಅಷ್ಟೇ.

ವಿಮಾನದಲ್ಲಿ ಒಯ್ಯಬಹುದೇ?

ಬ್ಲೇಡು ಚೆಕ್-ಇನ್ ಬ್ಯಾಗಿಗೆ. ಕೈಚೀಲದಲ್ಲಿಟ್ಟರೆ ತೆಗೆದುಹಾಕಿಸುತ್ತಾರೆ. ರೇಜರಿನೊಳಗೆ ಮರೆತು ಬಿಟ್ಟ ಬ್ಲೇಡನ್ನೂ ನೋಡಿಕೊಳ್ಳಿ.

ಬಳಸಿದ ಬ್ಲೇಡನ್ನು ಏನು ಮಾಡಲಿ?

ಹಳೆಯ ಅಮೆರಿಕನ್ ಮನೆಗಳ ಬಚ್ಚಲಿನ ಕನ್ನಡಿ ಕಪಾಟಿನ ಹಿಂಭಾಗದಲ್ಲಿ ಒಂದು ಸೀಳಿರುತ್ತಿತ್ತು, ಬಳಸಿದ ಬ್ಲೇಡನ್ನು ಅದರೊಳಗೆ ತೂರಿದರೆ ಗೋಡೆಯ ಒಳಗೆ ಬೀಳುತ್ತಿತ್ತು. ಮನೆ ಕೆಡವುವಾಗ ರಾಶಿಗಟ್ಟಲೆ ತುಕ್ಕು ಹಿಡಿದ ಬ್ಲೇಡು ಸಿಗುವುದುಂಟು. ನಮ್ಮಲ್ಲಿ ಬಹಳ ಜನ ಮಾಡುವುದು ಅದಕ್ಕಿಂತ ಕೆಟ್ಟದ್ದು: ಸೀದಾ ಕಸದ ಚೀಲಕ್ಕೆ. ಬೆಳಿಗ್ಗೆ ಆ ಚೀಲವನ್ನು ಬಿಚ್ಚಿ ಹಸಿ ಕಸ, ಒಣ ಕಸ ಬೇರ್ಪಡಿಸುವ ಪೌರಕಾರ್ಮಿಕರ ಕೈಗೆ ಎಷ್ಟೋ ಸಲ ಗ್ಲೌಸು ಇರುವುದಿಲ್ಲ. ನಮ್ಮ ಬೀದಿಗೆ ಬರುತ್ತಿದ್ದ ಅಕ್ಕನೊಬ್ಬರು ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದ ದಿನದಿಂದ ನಾನು ಒಂದೇ ಒಂದು ಬ್ಲೇಡನ್ನೂ ಬಿಡಿಯಾಗಿ ಎಸೆದಿಲ್ಲ.

ಖಾಲಿಯಾದ ತಗಡಿನ ಡಬ್ಬಿಯ ಮುಚ್ಚಳದಲ್ಲಿ ಬ್ಲೇಡು ತೂರುವಷ್ಟು ಸೀಳು ಮಾಡಿ, ಮುಚ್ಚಳಕ್ಕೆ ಸುತ್ತಲೂ ಟೇಪು ಹಾಕಿ ಬಚ್ಚಲಿನ ಮೇಲಿನ ಕಟ್ಟೆಯಲ್ಲಿ ಮಕ್ಕಳಿಗೆ ಎಟುಕದಂತೆ ಇಡಿ. ವರ್ಷಗಟ್ಟಲೆಯ ಬ್ಲೇಡು ಹಿಡಿಯುತ್ತದೆ. ತುಂಬಿದ ಮೇಲೆ ಸೀಳಿಗೂ ಟೇಪು ಸುತ್ತಿ, ಮೇಲೆ 'ಬ್ಲೇಡು ಇದೆ, ಜೋಪಾನ' ಎಂದು ದಪ್ಪಕ್ಷರದಲ್ಲಿ ಬರೆದು ಕೈಗೇ ಕೊಡಿ. ಕೊಡುವಾಗ ಬಾಯಲ್ಲೂ ಹೇಳಿ.